ಹಳೇ ಸಾಹೇಬರು ಹೇಳಿದ್ದರು

ಗುಬ್ಬಿಗೆ ನಾನು ತಹಶೀಲ್ದಾರಳಾಗಿ ಹೋದಾಗ, ನನಗಿಂತ ಮುಂಚೆ ಆ ಜಾಗದಲ್ಲಿದ್ದವರು ವರ್ಗವಾಗಿ ಹೋಗಿರಲಿಲ್ಲ, ತೀರಿಕೊಂಡಿದ್ದರು. ಅದೂ ಕಚೇರಿಯಲ್ಲೇ, ಯುಗಾದಿ ಕಳೆದ ಮೇಲಿನ ಬಿಸಿಲಿನ ಒಂದು ಮಧ್ಯಾಹ್ನ, ಕುರ್ಚಿಯಲ್ಲಿ ಕೂತಿದ್ದ ಹಾಗೆಯೇ. ನಲವತ್ತು ದಾಟಿದ್ದರೋ ಇಲ್ಲವೋ.

ಸರ್ಕಾರಿ ನೌಕರಿಯಲ್ಲಿ ಒಬ್ಬರ ಜಾಗಕ್ಕೆ ಇನ್ನೊಬ್ಬರು ಹೋಗುವುದು ದೊಡ್ಡ ಮಾತಲ್ಲ. ಹೋಗುವವರು ಬರುವವರಿಗೆ ಬೀಗದ ಕೈ ಕೊಡುತ್ತಾರೆ. ಊರಿನಲ್ಲಿ ಯಾರು ನಂಬಿಕಸ್ಥರು, ಯಾರ ಹತ್ತಿರ ಹುಷಾರಾಗಿರಬೇಕು ಎಂದು ಕಾಫಿ ಕುಡಿಯುತ್ತಾ ಹೇಳುತ್ತಾರೆ. ಹಾರ ಹಾಕಿಸಿಕೊಂಡು ಜೀಪು ಹತ್ತುತ್ತಾರೆ. ನನಗೆ ಚಾರ್ಜು ಕೊಡಲು ಹಾಗೆ ಯಾರೂ ಇರಲಿಲ್ಲ. ಕಚೇರಿಯ ಬಾಗಿಲು ಕಾಯುವ ದಲಾಯತ, ನರೆತ ಮೀಸೆಯ ಮನುಷ್ಯ, ಬೀಗದ ಕೈಗೊಂಚಲನ್ನು ಮೇಜಿನ ಮೇಲಿಟ್ಟ. “ಏನಾದ್ರೂ ಬೇಕಿದ್ರೆ ಬೆಲ್ ಮಾಡಿ ಸಾಹೇಬ್ರೇ” ಎಂದು ಹೊರಟವನು ಬಾಗಿಲಲ್ಲಿ ನಿಂತು ನಾಲಿಗೆ ಕಚ್ಚಿಕೊಂಡ.

“ತಪ್ಪಾಯ್ತು ಅಮ್ಮಾವ್ರೇ. ಬಾಯಿಗೆ ಅದೇ ಬತ್ತದೆ.”

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಹೆಂಗಸು ತಹಶೀಲ್ದಾರ್ ಬಂದಿದ್ದಾಳೆ ಎಂದು ನೋಡುವುದಕ್ಕೇ ಮೊದಲ ವಾರ ಜನ ಕಚೇರಿಯ ಮುಂದೆ ಬೇವಿನ ಮರದಡಿ ನಿಂತಿರುತ್ತಿದ್ದರು. ನನಗೆ ಮದುವೆಯಾಗಿರಲಿಲ್ಲ. ಮೈಸೂರಿನಿಂದ ಅಮ್ಮನನ್ನು ಕರೆದುಕೊಂಡು ಬಂದು ಕಚೇರಿಯ ಹಿಂದಿನ ಹೆಂಚಿನ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದೆ. ಹಿಂದಿನವರ ಸಂಸಾರ ಆ ಮನೆಯನ್ನು ಖಾಲಿ ಮಾಡಿ ಹೆಚ್ಚು ದಿನವಾಗಿರಲಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಅವರ ಒಗ್ಗರಣೆಯ ವಾಸನೆ ಇನ್ನೂ ಇತ್ತು.

ಒಂದು ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋಗಿದ್ದೆ. ಆರೇಳು ವರ್ಷದ ಒಂದು ಹುಡುಗಿ ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ಗೇಟು ತೆಗೆದು ಬಂದಳು. ಚಪ್ಪಲಿ ಬಿಟ್ಟು, ನನ್ನನ್ನು ದಾಟಿ ನೇರ ಅಡುಗೆಮನೆಗೆ ಹೋಗಿ, ಮೂಲೆಯಲ್ಲಿದ್ದ ಬಿಂದಿಗೆಯಿಂದ ನೀರು ಬಗ್ಗಿಸಿಕೊಂಡು ಗಟಗಟ ಕುಡಿದಳು. ಲೋಟ ಕೆಳಗಿಡುವಾಗ ಅಮ್ಮನನ್ನು ನೋಡಿದಳು. ಆಮೇಲೆ ನನ್ನನ್ನು. ಅವಳ ಮುಖ ಸಣ್ಣದಾಗುತ್ತಾ ಹೋಯಿತು.

“ಮರ್ತೋಯ್ತು” ಎಂದಳು.

ಅಮ್ಮ ಅವಳ ಕೈ ಹಿಡಿದು ಕೂರಿಸಿ ಮೊಸರನ್ನ ತಿನ್ನಿಸಿದಳು. ಹುಡುಗಿ ತಿಂದು, ಬಾಯಿ ಒರೆಸಿಕೊಂಡು, ಹಿಂದಿನ ಬೀದಿಯ ಬಾಡಿಗೆ ಮನೆಗೆ ಹೋದಳು. ಅವಳು ತೀರಿಕೊಂಡವರ ಮಗಳು. ಅವಳಮ್ಮನಿಗೆ ಗಂಡ ಸತ್ತ ಕಾರಣಕ್ಕೆ ಸರ್ಕಾರ ಅದೇ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಕೊಟ್ಟಿತ್ತು. ಬಂದ ಟಪಾಲು ತೆಗೆದುಕೊಳ್ಳುವುದು, ಹೋಗುವ ಟಪಾಲಿಗೆ ಮುದ್ರೆ ಒತ್ತುವುದು. ಅವರ ಮೇಜು ನನ್ನ ಕೋಣೆಯ ಬಾಗಿಲಿಗೆ ಎದುರಾಗಿತ್ತು. ತಲೆ ಎತ್ತಿದರೆ ನಾನು ಅವರಿಗೆ ಕಾಣುತ್ತಿದ್ದೆ, ಅವರ ಗಂಡ ಕೂತಿದ್ದ ಜಾಗದಲ್ಲಿ. ಅವರು ತಲೆ ಎತ್ತುತ್ತಿದ್ದುದು ಕಡಿಮೆ. ನನ್ನದೇ ವಯಸ್ಸಿನವರು. ನಾನು ಬೆಲ್ಲು ಒತ್ತಿ ಅವರನ್ನು ಒಮ್ಮೆಯೂ ಕರೆಯಲಿಲ್ಲ. ಕೈ ಬರುತ್ತಿರಲಿಲ್ಲ. ಏನಾದರೂ ಬೇಕಿದ್ದರೆ ಎದ್ದು ಹೋಗಿ ಅವರ ಮೇಜಿನ ಬಳಿ ನಿಲ್ಲುತ್ತಿದ್ದೆ. ಅವರು ಎದ್ದು ನಿಲ್ಲುತ್ತಿದ್ದರು.

ಜನ ಬರತೊಡಗಿದರು. ಬಂದವರ ಬಾಯಲ್ಲೆಲ್ಲ ಒಂದೇ ಮಾತು.

“ಹಳೇ ಸಾಹೇಬ್ರು ಹೇಳಿದ್ರು ಕಣಮ್ಮ, ಸೈಟು ಕೊಡುಸ್ತೀನಿ ಅಂತ.”

“ಹಳೇ ಸಾಹೇಬ್ರು ಒಪ್ಕೊಂಡಿದ್ರು. ಇನ್ನೇನು ಆರ್ಡ್ರು ಮಾಡೋರಿದ್ರು, ಅಷ್ಟ್ರಲ್ಲಿ ಹಿಂಗಾಯ್ತು.”

ನ್ಯಾಯಬೆಲೆ ಅಂಗಡಿ ಬೇಕಾದವನಿಗೂ ಹಳೇ ಸಾಹೇಬರು ಹೇಳಿದ್ದರು. ಆ ಅಂಗಡಿ ಅವನಿಗೆ ಕೊಡಬಾರದು ಎನ್ನುವವನಿಗೂ ಹೇಳಿದ್ದರು. ಸತ್ತವರನ್ನು ಕರೆದು ಕೇಳುವ ಹಾಗಿರಲಿಲ್ಲ. ಕಡತದಲ್ಲಿ ಹುಡುಕಿದರೆ ಒಂದಕ್ಷರ ಇರುತ್ತಿರಲಿಲ್ಲ. ಹಾಗಂತ ಎಲ್ಲರೂ ಸುಳ್ಳು ಹೇಳುತ್ತಿದ್ದಾರೆಂದು ಅನ್ನಿಸುತ್ತಲೂ ಇರಲಿಲ್ಲ. ಕೆಲವರು ಆ ಹೆಸರು ತೆಗೆಯುವಾಗ ಕಣ್ಣೊರೆಸಿಕೊಳ್ಳುತ್ತಿದ್ದರು. ಸಂಜೆ ಎಲ್ಲರೂ ಹೋದ ಮೇಲೆ ಆ ಕೋಣೆಯಲ್ಲಿ ಒಬ್ಬಳೇ ಕೂತರೆ, ನನಗಿಂತ ಮುಂಚೆಯೇ ಬಂದು ಕೂತವರು ಯಾರೋ ಇದ್ದಾರೆ, ನಾನು ಅವರ ಮೇಲೆ ಕೂತಿದ್ದೇನೆ ಎನ್ನಿಸಿ ಎದ್ದುಬಿಡುತ್ತಿದ್ದೆ.

ಒಮ್ಮೆ ಅಡಿಕೆ ವ್ಯಾಪಾರಿಯೊಬ್ಬರು ಹೀಗೇ ವಾದಿಸಿ ಹೋದ ಮೇಲೆ, ಟಪಾಲಿನ ಕಟ್ಟು ತಂದಿಟ್ಟ ಆ ಹುಡುಗಿಯ ತಾಯಿ ಹೋಗದೆ ನಿಂತರು. “ಮೇಡಂ, ಒಂದು ಮಾತು. ಅವರು ಯಾರಿಗೂ ‘ಮಾಡ್ತೀನಿ’ ಅಂತಿರ್ಲಿಲ್ಲ. ‘ನೋಡೋಣ’ ಅಂತಿದ್ರು. ಮನೇಲೂ ಅಷ್ಟೇ. ಮಗಳು ಗೊಂಬೆ ಕೇಳಿದ್ರೂ ‘ನೋಡೋಣ’. ‘ಮಾಡ್ತೀನಿ ಅಂದ್ರು’ ಅಂತ ಯಾರಾದ್ರೂ ಬಂದ್ರೆ ನಂಬಬೇಡಿ.”

ಅವರು ನನ್ನೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು. ಅಂದಿನಿಂದ ನನಗೊಂದು ದಾರಿ ಸಿಕ್ಕಂತಾಯಿತು. ಬಂದವರು ಸಾಹೇಬರ ಮಾತು ಎತ್ತಿದಾಗ ಬಾಗಿಲ ಆಚೆಗೆ ನೋಡುತ್ತಿದ್ದೆ. ಆಕೆ ತಲೆ ಎತ್ತದೆ ಕತ್ತನ್ನು ಇಷ್ಟೇ ಆಡಿಸುತ್ತಿದ್ದರು, ಹೌದು ಎಂದೋ ಇಲ್ಲ ಎಂದೋ. ಹೆಂಡತಿಗಿಂತ ಹೆಚ್ಚು ತಿಳಿದವರು ಯಾರಿರುತ್ತಾರೆ?

ಮಳೆಗಾಲ ಶುರುವಾದ ಮೇಲೆ ಕಲಾಯಿಯ ಮುದುಕರು ಬಂದರು. ಪೇಟೆಬೀದಿಯಲ್ಲಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಬಿಳಿ ಗಡ್ಡ, ತಲೆಗೆ ಹೆಣೆದ ಟೊಪ್ಪಿ, ಕೈಬೆರಳುಗಳ ತುದಿ ಮಸಿ ಹಿಡಿದು ಕಪ್ಪು. ಕೂರಿ ಎಂದರೂ ಕೂರಲಿಲ್ಲ.

“ಅಮ್ಮ, ನಮ್ಮ ಖಬರಸ್ತಾನ ಕೆರೆ ಆ ಕಡೆ ಐತೆ. ಮದ್ಲಿಂದ ತೋಟದೊಳ್ಗಿಂದಾನೇ ಮಣ್ಣಿಗೆ ಹೋಗ್ತಿದ್ವಿ. ತೋಟದವ್ರು ಅಣ್ಣತಮ್ಮಂದ್ರು ಭಾಗ ಆದ್ರು, ಬೇಲಿ ಹಾಕ್ಬುಟ್ರು. ಈಗ ಕೆರೆ ತುಂಬಿದ್ರೆ ಸತ್ತೋರ್ನ ನೀರೊಳಗೆ ಹೊತ್ಕೊಂಡು ಹೋಗ್ಬೇಕು. ಹಳೇ ಸಾಹೇಬ್ರು ಹೇಳಿದ್ರು, ಮಳೆಗೆ ಮದ್ಲೇ ದಾರಿ ಮಾಡ್ಕೊಡ್ತೀನಿ ಅಂತ.”

“ಮಾಡಿಕೊಡ್ತೀನಿ ಅಂದ್ರಾ? ನೋಡೋಣ ಅಂದಿರಬೇಕು.”

“ಇಲ್ಲಮ್ಮ. ಮಾಡ್ಕೊಡ್ತೀನಿ ಅಂತಾನೇ ಅಂದ್ರು.”

ನಾನು ಬಾಗಿಲ ಆಚೆಗೆ ನೋಡಿದೆ. ಈ ಸಲ ಆಕೆ ತಲೆ ಎತ್ತಿದ್ದರು. ಮುದುಕರನ್ನೇ ನೋಡುತ್ತಿದ್ದರು. ಎದ್ದು ಬಾಗಿಲವರೆಗೆ ಬಂದು, “ಇಲ್ಲ. ಅವರು ಹೇಳಿಲ್ಲ” ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿ ತಿರುಗಿ ಹೋದರು.

ಮುದುಕರು ವಾದ ಮಾಡಲಿಲ್ಲ. ಆಕೆ ಯಾರೆಂದು ಅವರಿಗೆ ಗೊತ್ತಿತ್ತು. “ಆಯ್ತಮ್ಮ, ಅವ್ರು ಹೇಳಿದ್ಮೇಲೆ ಮುಗೀತು” ಎಂದು ಸಲಾಮು ಮಾಡಿ ಮೆಟ್ಟಿಲಿಳಿದರು. ತೋಟ ಖಾಸಗಿ ಜಮೀನು, ಕಾಗದದಲ್ಲಿ ದಾರಿ ಎಂದು ಏನೂ ಇಲ್ಲ, ಕೋರ್ಟಿಗೆ ಹೋಗಬೇಕಾದ ವಿಷಯ ಎಂದು ನಾನೂ ಅದನ್ನು ಪಕ್ಕಕ್ಕಿಟ್ಟೆ.

ಆ ವರ್ಷ ಮಳೆ ಚೆನ್ನಾಯಿತು. ಹಳ್ಳಿಯೊಂದರ ತಪಾಸಣೆ ಮುಗಿಸಿ ಹಗಲಲ್ಲೇ ಜೀಪಿನಲ್ಲಿ ಕೆರೆ ಏರಿಯ ಮೇಲೆ ವಾಪಸು ಬರುತ್ತಿದ್ದೆವು. ಹಿಂದೆ ಕೂತಿದ್ದ ದಲಾಯತ, “ಅಮ್ಮಾವ್ರೇ, ಅಲ್ನೋಡಿ” ಎಂದ. ಕೆರೆಯ ಅಂಚಿನ ನೀರಿನಲ್ಲಿ ಗಂಡಸರ ಒಂದು ಗುಂಪು ನಿಧಾನವಾಗಿ ಸರಿಯುತ್ತಿತ್ತು. ಸೊಂಟದವರೆಗೆ ನೀರು. ಹಸಿರು ಚಾದರ ಹೊದಿಸಿದ ಜನಾಜಾದ ಮಂಚವನ್ನು ಹೆಗಲ ಮೇಲಲ್ಲ, ಎರಡೂ ಕೈ ಮೇಲೆತ್ತಿ ತಲೆಗಿಂತ ಎತ್ತರದಲ್ಲಿ ಹಿಡಿದಿದ್ದರು. ಮುಂದಿನವನೊಬ್ಬ ಕೆಸರಿನಲ್ಲಿ ಕಾಲು ಜಾರಿ ಮುಗ್ಗರಿಸಿದ. ಜನಾಜಾ ಒಂದು ಕಡೆಗೆ ವಾಲಿತು. ಗುಂಪಿನ ಗಂಟಲಿನಿಂದ ಹೊರಟ ಸದ್ದು ನೀರಿನ ಮೇಲೆ ನಮ್ಮವರೆಗೂ ಬಂತು. ಹೇಗೋ ಹಿಡಿದುಕೊಂಡರು.

ಜೀಪು ನಿಲ್ಲಿಸಿ ಇಳಿದೆ. ದಡದಲ್ಲಿ ನೀರಿಗಿಳಿಯಲಾರದ ಮುದುಕರು ಮೂರ್ನಾಲ್ಕು ಜನ ನಿಂತಿದ್ದರು. ಅವರಲ್ಲಿ ಕಲಾಯಿಯವರೂ ಇದ್ದರು. ಸತ್ತದ್ದು ಅವರ ಬೀದಿಯ ಒಬ್ಬ ಬಾಣಂತಿಯಂತೆ. ನನ್ನನ್ನು ನೋಡಿ ಸಲಾಮು ಮಾಡಿದರು. ಮತ್ತೆ ನೀರಿನ ಕಡೆಗೆ ತಿರುಗಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ದಲಾಯತ ಇದನ್ನು ಕಚೇರಿಯಲ್ಲಿ ಹೇಳಿರಬೇಕು. ಮರುದಿನ ಆಕೆ ಕೆಲಸಕ್ಕೆ ಬರಲಿಲ್ಲ. ಭಾನುವಾರ ಮಧ್ಯಾಹ್ನ ನಮ್ಮ ಗೇಟಿನ ಸದ್ದಾಯಿತು. ಮನೆ ಬಿಟ್ಟುಹೋದ ಮೇಲೆ ಆಕೆ ಅಲ್ಲಿಗೆ ಬಂದಿರಲೇ ಇಲ್ಲ. ಹಜಾರದಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತರು. ಅಮ್ಮ “ಒಳಗೆ ಬಾಮ್ಮ” ಎಂದು ಅಡುಗೆಮನೆಗೇ ಕರೆದುಕೊಂಡು ಹೋಗಿ ಮಣೆ ಹಾಕಿದಳು. ನಾನೂ ನೆಲದ ಮೇಲೆ ಕೂತೆ.

“ಅವರು ಹೇಳಿದ್ರು” ಎಂದರು ಆಕೆ. “ಆ ಸಾಬ್ರಿಗೆ ಮಾಡ್ಕೊಡ್ತೀನಿ ಅಂತ ಹೇಳಿದ್ರು. ನನಗೆ ಗೊತ್ತಿತ್ತು.”

ಆಕೆ ಮಣೆಯ ಪಕ್ಕದ ನೆಲವನ್ನು ಮುಟ್ಟಿ ತೋರಿಸಿದರು.

“ಅವತ್ತು ಬೆಳಿಗ್ಗೆ ಇಲ್ಲೇ ಕೂತು ತಿಂಡಿ ತಿಂತಾ ಹೇಳಿದ್ರು. ‘ಇವತ್ತು ಆ ದಾರಿ ನೋಡ್ಕೊಂಡು ಬರ್ತೀನಿ, ಮಾತು ಕೊಟ್ಟುಬಿಟ್ಟಿದೀನಿ’ ಅಂದ್ರು. ‘ಬಿಸಿಲು ಇಳಿದ್ಮೇಲೆ ಹೋಗಿ’ ಅಂದೆ. ‘ಸಂಜೆ ತುಮಕೂರಲ್ಲಿ ಮೀಟಿಂಗ್ ಇದೆ’ ಅಂದ್ರು. ಜೀಪು ರಿಪೇರಿಗೆ ಹೋಗಿತ್ತು. ನಡ್ಕೊಂಡೇ ಹೋದ್ರು. ವಾಪಸ್ ಬಂದು ಆಫೀಸಲ್ಲಿ ಕೂತ್ರಂತೆ, ನೀರು ಕೇಳಿದ್ರಂತೆ. ನೀರು ತರೋಷ್ಟರಲ್ಲಿ…”

ಅಮ್ಮ ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದಳು. ಹಾಲು ಉಕ್ಕಿ ಹರಿಯುತ್ತಿದ್ದರೂ ಅವಳು ಕದಲಲಿಲ್ಲ.

“ಜೀವಮಾನವೆಲ್ಲ ನೋಡೋಣ ಅಂದ ಮನುಷ್ಯ ಮೇಡಂ. ಒಬ್ಬರಿಗೆ ಮಾಡ್ತೀನಿ ಅಂದ್ರು, ಅದಕ್ಕೇ ಹೋದ್ರು. ಆ ಮುದುಕರದ್ದೇನೂ ತಪ್ಪಿಲ್ಲ ಅಂತ ನನಗೂ ಗೊತ್ತು. ಆದ್ರೆ ಅವರ ಮುಖ ನೋಡಿದ ತಕ್ಷಣ ನನ್ನ ಬಾಯಲ್ಲಿ ಇಲ್ಲ ಅಂತ ಬಂದುಬಿಡ್ತು. ಆ ದಾರಿ ಯಾವತ್ತೂ ಆಗ್ಲೇಬಾರ್ದು ಅಂತ ಇತ್ತು ನನಗೆ. ಈಗ ಆ ಬಾಣಂತಿನ ಹಂಗೆ ನೀರಲ್ಲಿ ಹೊತ್ಕೊಂಡು ಹೋದ್ರಂತೆ. ನಿದ್ದೆ ಬರ್ತಿಲ್ಲ.”

ಅಮ್ಮ ಕಾಫಿ ಕೊಟ್ಟಳು. ಆಕೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಿಟಕಿ, ಒಲೆಯ ಕಟ್ಟೆ, ಗೋಡೆಯ ಗೂಡು ಎಲ್ಲವನ್ನೂ ಒಂದೊಂದಾಗಿ ನೋಡುತ್ತಾ ಕುಡಿದರು.

ಮರುದಿನ ಬೆಳಿಗ್ಗೆಯೇ ತೋಟದವರ ಹತ್ತಿರ ಹೋದೆ. ಹಣೆತುಂಬ ವಿಭೂತಿ ಧರಿಸಿದ, ಐವತ್ತರ ಆಸುಪಾಸಿನ ಹಿರಿಯ ಅಣ್ಣ. ಪೇಟೆಯಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದರು. ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಅವರು ನನ್ನನ್ನು ನೋಡಿ ಅಂಗಡಿಯ ಗಲ್ಲಾಪೆಟ್ಟಿಗೆ ಮುಚ್ಚಿ, “ತೋಟಕ್ಕೇ ಹೋಗಾಣ ಬನ್ನಿ ತಾಯಿ” ಎಂದು ಚಪ್ಪಲಿ ಮೆಟ್ಟಿಕೊಂಡರು.

ತೆಂಗಿನ ಸಾಲುಗಳ ನಡುವೆ ಬೇಲಿಯ ಹತ್ತಿರ ಬಂದಾಗ ನಿಂತರು.

“ಇಲ್ಲೇ ನಿಂತಿದ್ರು ಅವ್ರು. ನೆತ್ತಿ ಮೇಲೆ ಬಿಸ್ಲು. ಬೆವರು ಹಂಗೇ ಸುರೀತಿತ್ತು. ಎಳ್ನೀರು ಕೆತ್ತಿ ಕೈಗೆ ಕೊಟ್ಟೆ. ‘ಬ್ಯಾಡ ಯಜಮಾನ್ರೇ, ನಿಮ್ಮ ವಿಷ್ಯ ನನ್ನ ಮುಂದೆ ಐತೆ. ಇದು ತೀರ್ಮಾನ ಆಗ್ಲಿ, ಬಂದು ಕುಡೀತೀನಿ’ ಅಂದ್ರು. ನನಗೂ ಸಿಟ್ಟಿತ್ತು, ದಾರಿ ಕೇಳಕ್ಕೆ ಬಂದವ್ರೆ ಅಂತ. ಕುಡೀದಿದ್ರೆ ಬುಡ್ಲಿ ಅಂತ ಆ ಕಾಯಿ ಅಲ್ಲೇ ಎಸ್ದೆ. ಮಧ್ಯಾನಕ್ಕೆ ಸುದ್ದಿ ಬಂತು.”

ಅವರು ಬೇಲಿಯ ಕಂಬ ಹಿಡಿದುಕೊಂಡರು.

“ಬಲವಂತ ಮಾಡಿ ಕುಡುಸ್ಬೇಕಿತ್ತು ತಾಯಿ. ಲಿಂಗಪೂಜೆಗೆ ಕೂತ್ರೆ ಕಣ್ಮುಂದೆ ಅವ್ರ ಒಣಗಿದ ತುಟಿ ಬತ್ತದೆ. ದಾರಿ ಬುಟ್ಕೊಡಾಣ ಅಂತ ಅವತ್ತೇ ಮನಸ್ಸಾಗಿತ್ತು. ಆದ್ರೆ ನಾನಾಗೇ ಹೋಗಿ ಯಾರ ಮುಂದೆ ಏನಂತ ಹೇಳ್ಲಿ? ಯಾರಾದ್ರೂ ಕೇಳ್ಕೊಂಡು ಬರ್ಲಿ ಅಂತ ಕಾಯ್ತಿದ್ದೆ. ಯಾರೂ ಬರ್ಲಿಲ್ಲ.”

ಕೆಲಸದವನನ್ನು ಕೂಗಿ ಎಳನೀರು ಇಳಿಸಿದರು. ಕೆತ್ತಿ ನನ್ನ ಮುಂದೆ ಹಿಡಿದರು. ನಿಯಮದ ಪ್ರಕಾರ ನಾನೂ ಬೇಡ ಅನ್ನಬೇಕಿತ್ತು. ಆದರೂ ತೆಗೆದುಕೊಂಡು ಕುಡಿದೆ. ಕೊನೆಯ ಗುಟುಕು ಇಳಿಯುವವರೆಗೂ ಅವರು ನನ್ನನ್ನು ನೋಡುತ್ತಲೇ ಇದ್ದರು, ಆಮೇಲೆ ಮುಖ ತಿರುಗಿಸಿಕೊಂಡರು.

ತಮ್ಮ ಸ್ವಲ್ಪ ಕೂಗಾಡಿದ. ಅವನ ಪಾಲಿನದೂ ಒಂದಿಷ್ಟು ಜಾಗ ದಾರಿಗೆ ಹೋಗುತ್ತಿತ್ತು. ಅಣ್ಣ ಅದಕ್ಕೆ ಬದಲಾಗಿ ತನ್ನ ಪಾಲಿನಲ್ಲಿ ಅಷ್ಟೇ ಜಾಗ ಬಿಟ್ಟುಕೊಟ್ಟ ಮೇಲೆ ಸುಮ್ಮನಾದ. ನಾಲ್ಕು ಜನ ಹೆಗಲು ಕೊಟ್ಟು ನಡೆಯುವಷ್ಟು ಅಗಲ ಬಿಟ್ಟು ಬೇಲಿ ಹಿಂದಕ್ಕೆ ಸರಿಯಿತು. ಅಡ್ಡ ಬರುತ್ತಿದ್ದ ತೆಂಗಿನ ಸಸಿಗಳನ್ನು ಕಿತ್ತು ಬೇರೆ ಕಡೆ ನೆಟ್ಟರು. ಅಳತೆಯವರು ಬಂದು ಕಲ್ಲು ಹಾಕಿದರು. ಮಣ್ಣು ಹೊಡೆಸುವುದಕ್ಕೆ ಎರಡು ಗಾಡಿಗಳನ್ನು ತೋಟದವರೇ ಕಳಿಸಿದರು.

ಕೆಲಸ ಮುಗಿದ ಮೇಲೆ ಬಂದ ಶುಕ್ರವಾರ ಕಲಾಯಿಯ ಮುದುಕರು ಕಚೇರಿಗೆ ಬಂದರು. ನನ್ನ ಕೋಣೆಗೆ ಬರಲಿಲ್ಲ. ಆಕೆಯ ಮೇಜಿನ ಮುಂದೆ ನಿಂತು, ಕಾಗದದಲ್ಲಿ ಕಟ್ಟಿದ ಸಕ್ಕರೆಯ ಪೊಟ್ಟಣ ಇಟ್ಟರು.

“ಅಮ್ಮ, ಸಾಹೇಬ್ರ ಹೆಸ್ರಲ್ಲಿ ಮಸೀದೀಲಿ ಫಾತೆಹಾ ಓದ್ಸಿದೀವಿ. ಮಗೀಗೆ ಕೊಡಿ.”

ಕಚೇರಿಯಲ್ಲಿ ಟೈಪ್‌ರೈಟರಿನ ಸದ್ದು ನಿಂತುಹೋಯಿತು. ಆಕೆ ಎದ್ದು ನಿಂತಿದ್ದರು. ಪೊಟ್ಟಣವನ್ನು ತೆಗೆದುಕೊಂಡು ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು. “ಅವರು ನಿಮಗೆ ಹೇಳಿದ್ರು” ಎಂದರು. ಮುದುಕರು, “ಗೊತ್ತಮ್ಮ” ಎಂದು ತಲೆ ತಗ್ಗಿಸಿದರು. ಅಷ್ಟೇ.

ಆ ವರ್ಷವೇ ಆಕೆ ತುಮಕೂರಿಗೆ ವರ್ಗ ಕೇಳಿದರು. ಕೊಡಿಸಿದೆ. ಆಕೆ ಹೋದ ಮೇಲೆ ಕಚೇರಿಗೆ ಬರುವ ಜನರ ಬಾಯಲ್ಲಿ ಸಾಹೇಬರ ಮಾತು ಕಡಿಮೆಯಾಗುತ್ತಾ ಬಂತು. ಒಮ್ಮೆ ಇಡೀ ವಾರ ಯಾರೂ ಅವರ ಹೆಸರು ಎತ್ತಲಿಲ್ಲವೆಂದು ಗಮನಕ್ಕೆ ಬಂತು. ನನಗೆ ಸಮಾಧಾನವಾಗಬೇಕಿತ್ತು. ಬದಲಾಗಿ, ಮನೆಯವರೊಬ್ಬರು ಹೇಳದೆ ಎದ್ದುಹೋದ ಹಾಗಾಯಿತು.

ಆಮೇಲೆ ಕುಣಿಗಲ್ಲಿಗೆ ವರ್ಗವಾಯಿತು. ಹೋದ ಮೊದಲ ದಿನವೇ ಅಮೃತೂರಿನ ಕಡೆಯ ಒಬ್ಬ, “ಹಿಂದ್ಲ ಸಾಹೇಬ್ರು ಹೇಳಿದ್ರು” ಎಂದು ಶುರುಮಾಡಿದ. ಆದರೆ ಈ ಹಿಂದಿನವರು ಬದುಕಿದ್ದರು, ಬೇರೆ ಜಿಲ್ಲೆಯಲ್ಲಿದ್ದರು. ಟ್ರಂಕ್ ಕಾಲ್ ಮಾಡಿ ಕೇಳಿದರೆ ಗಹಗಹಿಸಿ ನಕ್ಕರು. “ಏನ್ರೀ ನೀವು, ಎಲ್ಲರಿಗೂ ಏನಾದ್ರೂ ಹೇಳೇ ಕಳಿಸಬೇಕಲ್ಲ! ಅದೆಲ್ಲ ನೆನಪಿರುತ್ತಾ?” ನನಗೆ ನಗು ಬರಲಿಲ್ಲ. ಬದುಕಿರುವವರೂ ತಾವು ಎದ್ದುಹೋದ ಕುರ್ಚಿಗಳಲ್ಲಿ ಹೀಗೆ ಸತ್ತವರ ಹಾಗೆ ಕೂತಿರುತ್ತಾರೆ ಎನ್ನಿಸಿತು. ಗುಬ್ಬಿಯಲ್ಲಿ ಈಗ ಯಾರೋ ನನ್ನ ಹೆಸರು ಹೇಳಿಕೊಂಡು ನಿಂತಿರಬಹುದು. ನಾನು ಅವರಿಗೆ ಏನೆಂದಿದ್ದೆ?

ನನಗರಿವಿಲ್ಲದೆ ಬಂದವರಿಗೆಲ್ಲ “ನೋಡೋಣ” ಅನ್ನತೊಡಗಿದೆ. ಕುಣಿಗಲ್ಲಿನ ಜನ ನನಗೆ ನೋಡೋಣ ಅಮ್ಮಾವ್ರು ಎಂದೇ ಹೆಸರಿಟ್ಟರು. ಬಿಸಿಲಿನಲ್ಲಿ ನಡೆದುಕೊಂಡೇ ಜಾಗ ನೋಡಲು ಹೊರಡುತ್ತಿದ್ದೆ. ಒಂದು ದಿನ ಅಮ್ಮ ನನ್ನನ್ನು ತಡೆದು ನಿಲ್ಲಿಸಿದಳು. “ಇದು ನಿನ್ನ ಮಾತಲ್ಲ ಕಣೇ. ಈ ನಡಿಗೆಯೂ ನಿಂದಲ್ಲ. ಅವರನ್ನ ಅಲ್ಲೇ ಬಿಟ್ಟು ಬಾ.” ಹೇಗೆ ಬಿಡುವುದೆಂದು ನನಗೆ ಗೊತ್ತಿರಲಿಲ್ಲ. ಮುಂದೆ ದೊಡ್ಡ ಹುದ್ದೆಗಳು ಬಂದವು, ಜಿಲ್ಲೆ ನೋಡಿಕೊಂಡೆ, ಸಚಿವಾಲಯದಲ್ಲಿ ಕೂತೆ. ಆಗಲೂ ಯಾರಿಗಾದರೂ “ಮಾಡ್ತೀನಿ” ಎಂದರೆ ಅಂದು ರಾತ್ರಿ ಎದ್ದು ಅದನ್ನು ಡೈರಿಯಲ್ಲಿ ಬರೆದಿಡುತ್ತಿದ್ದೆ.

ಅದಕ್ಕೆಲ್ಲ ಮುಂಚೆ, ಎಂಬತ್ತರ ದಶಕದ ನಡುವೆ, ಉಪವಿಭಾಗಾಧಿಕಾರಿಯಾಗಿ ತುಮಕೂರಿಗೆ ಬಂದೆ. ಒಂದು ಸಂಜೆ ತರಕಾರಿ ಮಾರ್ಕೆಟ್ಟಿನ ಹತ್ತಿರ ಆಕೆ ಸಿಕ್ಕರು. ತಲೆ ನರೆಯಲು ಶುರುವಾಗಿತ್ತು. ಮುಖ ತಿಳಿಯಾಗಿತ್ತು. ಕೈಯಲ್ಲಿ ಬದನೆಕಾಯಿ, ಕೊತ್ತಂಬರಿಯ ಚೀಲ. ಮಗಳು ಹೈಸ್ಕೂಲು ಮುಗಿಸುತ್ತಿದ್ದಾಳೆ ಎಂದರು. ತಾವೂ ಇಲಾಖೆಯ ಪರೀಕ್ಷೆ ಪಾಸು ಮಾಡಿಕೊಂಡಿದ್ದರಂತೆ. ಬೆಳ್ಳಾವಿ ಬಸ್ಸುಗಳು ಹಾರನ್ನು ಹೊಡೆಯುತ್ತಾ ಹೋಗುತ್ತಿದ್ದವು. ರಸ್ತೆ ಬದಿಗೆ ಸರಿದು ನಿಂತು ಮಾತಾಡಿದೆವು.

“ಒಂದು ವಿಷಯ ಯಾರಿಗೂ ಹೇಳಿಲ್ಲ ಮೇಡಂ” ಎಂದರು. “ಅವರ ಧ್ವನಿ ಮರ್ತೋಗಿದೆ ನನಗೆ. ಮುಖ ಇದೆ, ಫೋಟೋ ಇದೆ. ಮಾತೆಲ್ಲ ನೆನಪಿದೆ. ಧ್ವನಿ ಹೋಗಿಬಿಟ್ಟಿದೆ. ಅಪ್ಪ ಹೇಗೆ ಮಾತಾಡ್ತಿದ್ರು ಅಂತ ಮಗಳು ಕೇಳ್ತಾಳೆ. ಏನು ಹೇಳ್ಲಿ?”

ನಾನು ಅವರ ಗಂಡನನ್ನು ನೋಡಿದವಳಲ್ಲ. ಆದರೆ ಗುಬ್ಬಿಯ ಜನ ಅವರ ಮಾತನ್ನು ನನ್ನೆದುರು ಆಡಿ ತೋರಿಸುವಾಗ, ನಿಜ ಹೇಳುವವರಿರಲಿ, ಸುಳ್ಳು ಹೇಳುವವರಿರಲಿ, ಎಲ್ಲರೂ ಸ್ವರವನ್ನು ಒಂದೇ ಥರ ತಗ್ಗಿಸುತ್ತಿದ್ದರು. ಮಾತು ನಿಧಾನ, ಸ್ವಲ್ಪ ಮೂಗಿನಿಂದ, ಕೊನೆಯ ಅಕ್ಷರ ತುಸು ಎಳೆದು. ಗುಬ್ಬಿಯ ಮೊದಲ ತಿಂಗಳುಗಳಲ್ಲಿ ದಿನವೂ ಅದನ್ನೇ ಕೇಳಿದ್ದೆ.

“ಕೂತ್ಕೊಳ್ಳಿ, ನಿಧಾನವಾಗಿ ಹೇಳಿ” ಎಂದೆ, ಆ ಸ್ವರದಲ್ಲಿ.

ಆಕೆಯ ಕೈಯಿಂದ ಚೀಲ ಕೆಳಗಿಳಿಯಿತು. ಸುತ್ತ ಜನ ಓಡಾಡುತ್ತಿದ್ದರು. ಬಹಳ ಹೊತ್ತು ನನ್ನ ಬಾಯನ್ನೇ ನೋಡುತ್ತಾ ನಿಂತರು.

“ಇನ್ನೊಂದ್ಸಲ ಹೇಳಿ” ಎಂದರು.

ಹೇಳಿದೆ.

ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗಿ ತಾಯಿಗಿಂತ ಎತ್ತರವಾಗಿದ್ದಳು. ಅಮ್ಮ ಅವಳ ಗಲ್ಲ ಸವರಿ ಒಳಗೆ ಹೋದಳು. ಹುಡುಗಿ ನನ್ನೆದುರು ಕೂತು, ಲಂಗ ಸರಿಮಾಡಿಕೊಂಡು, ಕೇಳುವುದಕ್ಕೆ ಕಣ್ಣು ಮುಚ್ಚಿಕೊಂಡಳು.